ಮಂತ್ರ ಮಾಂಗಲ್ಯದಲ್ಲಿ ನಮ್ಮದೇ ನಾಲ್ಕು ಮಾತು ಸೇರಿಸೋದು ಹೇಗೆ?

ಸಾಗರದವಳು:
ಮುಂದಿನ ತಿಂಗಳು ನನ್ನ ಮದುವೆ, ನಮ್ಮನೆ ಅಂಗಳದಲ್ಲೇ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆ ಮಾಡಿಸಿದ ಮಂತ್ರ ಮಾಂಗಲ್ಯದ ಕ್ರಮ. ಪ್ರತಿಜ್ಞೆ ಓದಿಸೋದು ದೊಡ್ಡಪ್ಪ. ಹೆಣ್ಣು ಗಂಡಿನ ಅಧೀನಳಲ್ಲ, ಅವನಷ್ಟೇ ಸ್ವತಂತ್ರಳು ಅನ್ನೋ ಮಾತು ಅದರಲ್ಲಿದೆ, ನಾವು ಆ ಕ್ರಮ ಒಪ್ಪಿದ್ದೇ ಅದಕ್ಕೆ. ಅದಾದ ಮೇಲೆ ಒಬ್ಬರಿಗೊಬ್ಬರು ನಮ್ಮದೇ ನಾಲ್ಕು ಮಾತು ಹೇಳ್ಬೇಕು ಅಂತ ಆಸೆ. ಮೂರು ರಾತ್ರಿ ಕೂತು ಬರೆದೆ. "ನೀನೇ ನನ್ನ ಉಸಿರು" ಅಂತಲೇ ಬರುತ್ತೆ. ಓದಿದ್ರೆ ಬೇರೆ ಯಾರೋ ಬರೆದ ಹಾಗಿದೆ. ನಾನು ಮದುವೆಯಾಗ್ತಿರೋರು ಲೈನ್‌ಮ್ಯಾನ್, ಮಾತು ಕಮ್ಮಿ. ಎಂಬತ್ತು ಜನರ ಎದುರು ಬಾಯೇ ಬರಲ್ಲ ಅಂತಾರೆ. ಹೀಗೆ ಮಾಡಿದೋರು ದಯವಿಟ್ಟು ಹೇಳಿ.

ಹಾಸನದವನು:
ನಾನೂ ಎರಡು ಪುಟ ಬರೆದು ಹರಿದು ಹಾಕಿದ್ದೆ. ಕೊನೆಗೆ ಅವಳನ್ನೇ ಕೇಳಿದೆ, ಮದುವೆ ಅಂದ್ರೆ ನಿಂಗೆ ಯಾವುದರ ಭಯ ಅಂತ. "ಅಪ್ಪನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋರು ಯಾರೂ ಇರಲ್ಲ" ಅಂದ್ಳು. ನನ್ನ ಮೊದಲ ಸಾಲು ಅದೇ ಆಯ್ತು: "ಮಂಗಳವಾರ ನೀನು ಹೋಗು, ಶುಕ್ರವಾರ ನಾನು ಹೋಗ್ತೀನಿ." ಮಾವ ಎದುರಿಗೇ ಕೂತಿದ್ರು, ಟವಲ್‌ನಲ್ಲಿ ಮುಖ ಮುಚ್ಕೊಂಡ್ರು. ಅವರು ತೀರಿಕೊಳ್ಳೋವರೆಗೂ, ಎರಡೂವರೆ ವರ್ಷ, ಶುಕ್ರವಾರ ನಾನೇ ಹೋದೆ. ಒಂದೆರಡು ಸಲ ತಪ್ಪಿಸೋ ಮನಸ್ಸಾಗಿತ್ತು, ನಿಜ. ಎಲ್ಲರೆದುರು ಹೇಳಿದ್ದೆನಲ್ಲ, ಎದ್ದು ಹೊರಟೆ. ತಂಗಿ, ನಾಳೆ ಯಾರಾದ್ರೂ "ಮಾಡಿದ್ಯಾ?" ಅಂತ ಕೇಳಿದ್ರೆ ಹೌದು ಅಥವಾ ಇಲ್ಲ ಅನ್ನೋಕೆ ಬರುವಂಥದ್ದನ್ನೇ ಬರೀರಿ. ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರ್ಕೊಳ್ಳಿ, ಕೈ ನಡುಗುತ್ತೆ.

ನಿವೃತ್ತ ಸಂಸ್ಕೃತ ಮೇಷ್ಟ್ರು:
ಸಪ್ತಪದಿಯಲ್ಲೂ ಮೊದಲ ಹೆಜ್ಜೆ ಅನ್ನಕ್ಕಮ್ಮ, ಎರಡನೆಯದು ಬಲಕ್ಕೆ. ಏಳನೆಯದಕ್ಕೆ ಬಂದಾಗ "ಸಖಾ ಸಪ್ತಪದೀ ಭವ", ಅಂದರೆ ಗೆಳತಿಯಾಗು. ನೀವೂ ಅನ್ನದಿಂದಲೇ ಶುರು ಮಾಡಿ. ಬೆಳಿಗ್ಗೆ ಒಲೆ ಹಚ್ಚೋರು ಯಾರು, ಅವರು ರಾತ್ರಿ ತಡವಾಗಿ ಬಂದ್ರೆ ಊಟ ಹೇಗೆ. ಹುಡುಗ ಅನ್ನಕ್ಕಿಡೋದು ಕಲೀತಾನಾದ್ರೆ ಅದನ್ನೂ ಸಭೆಯಲ್ಲೇ ಹೇಳಲಿ.

ಮೈಸೂರಿನವಳು:
ನಮ್ಮದು 1954ರ ವಿಶೇಷ ವಿವಾಹ ಕಾಯ್ದೆಯ ಮದುವೆ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು ಹೇಳಬೇಕಾದದ್ದು ಒಂದೇ ವಾಕ್ಯ. ಇಬ್ಬರಿಗೂ ಅರ್ಥವಾಗೋ ಯಾವ ಭಾಷೆಯಾದ್ರೂ ಆಗುತ್ತೆ, ನಾವು ಕನ್ನಡದಲ್ಲಿ ಹೇಳಿದ್ವಿ. ನಿಮ್ಮವರಿಗೂ ಒಂದು ವಾಕ್ಯ ಸಾಕು. ಸಭೆ ಕಡೆ ನೋಡೋದು ಬೇಡ, ನಿಮ್ಮನ್ನೇ ನೋಡಿ ಹೇಳಲಿ.

ಸಾಗರದವಳು:
ಎಲ್ಲರಿಗೂ ಕೈ ಮುಗೀತೀನಿ. ನಿನ್ನೆ ಅವರು "ನಿಂಗೆ ಯಾವುದರ ಭಯ" ಅಂತ ನನ್ನ ಕೇಳಿದ್ರು. ಮಳೆಗಾಲದ ರಾತ್ರಿ ಕರೆ ಬಂದು ನೀವು ಹೋಗ್ತೀರಲ್ಲ, ಅದು ಅಂದೆ. ತುಂಬಾ ಹೊತ್ತು ಸುಮ್ಮನಿದ್ರು. ಇವತ್ತು ಬೆಳಿಗ್ಗೆ ಅವರ ಸಾಲು ವಾಟ್ಸಾಪ್‌ನಲ್ಲಿ ಬಂತು: "ಕಂಬ ಇಳಿದ ತಕ್ಷಣ, ಎಷ್ಟೇ ಹೊತ್ತಾಗಿರಲಿ, ಮೊದಲು ನಿಂಗೆ ಫೋನ್ ಮಾಡ್ತೀನಿ." ನಂದು ಇನ್ನೂ ಬರೀಬೇಕು.