ಆನ್‌ಫೀಲ್ಡ್ ಟಿಕೆಟ್ ಬ್ಲ್ಯಾಕ್‌ನಲ್ಲಿ ತಗೊಳ್ಳಬಹುದಾ?

ಪ್ರಶ್ನೆ: ಆಫೀಸ್ ಕೆಲಸಕ್ಕೆ ಮ್ಯಾಂಚೆಸ್ಟರ್‌ಗೆ ಹೋಗುತ್ತಿದ್ದೇನೆ. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚನ್ನು ಅವರ ಸ್ಟೇಡಿಯಂ ಆನ್‌ಫೀಲ್ಡ್‌ನಲ್ಲೇ ನೋಡಬೇಕು ಅಂತ ಮೆಂಬರ್‌ಶಿಪ್ ಮಾಡಿಸಿದೆ, ಟಿಕೆಟ್ ಲಾಟರಿಯಲ್ಲಿ ಹೆಸರು ಬರಲಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬ, ಸೀಸನ್ ಟಿಕೆಟ್ (ಇಡೀ ಸೀಸನ್ನಿಗೆ ಒಂದೇ ಸೀಟು) ಇರುವವರ ಸೀಟು ಕೊಡಿಸುತ್ತೇನೆ ಅನ್ನುತ್ತಾನೆ. ಬೆಲೆ ನಾಲ್ಕು ಪಟ್ಟು. ಸಿಕ್ಕಿಬಿದ್ದರೆ ಕ್ಲಬ್ ನಿಷೇಧ ಹಾಕುತ್ತದಂತೆ. ಇಷ್ಟು ಬಿಗಿ ಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ 1: ಬೇಡ ಗುರು. ಅಲ್ಲೀಗ ದೊಡ್ಡ ಕ್ಲಬ್‌ಗಳಲ್ಲಿ ಫೋನ್‌ನಲ್ಲಿರುವ ಪಾಸ್ ಗೇಟಿಗೆ ತಾಗಿಸಿ ಒಳಗೆ ಹೋಗಬೇಕು. ಅದಕ್ಕೆ ಬ್ಲ್ಯಾಕ್‌ನವರು ಪಾಸ್ ಇರುವ ಹಳೇ ಫೋನನ್ನೇ ಕೈಗೆ ಕೊಟ್ಟು ಡೆಪಾಸಿಟ್ ಇಸಿದುಕೊಳ್ಳುತ್ತಾರೆ. ನಾನು ಅಲ್ಲಿ ಒಂದು ಮ್ಯಾಚಿಗೆ ಹೋದಾಗ ಮುಂದಿದ್ದ ಹುಡುಗನ ಪಾಸ್ ಕೆಲಸ ಮಾಡಲಿಲ್ಲ. ಗೇಟಿನವರು ಹೆಸರು ಕೇಳಿದರು. ಪಾಸಿನಲ್ಲಿ ಯಾರ ಹೆಸರಿದೆ ಅಂತ ಇವನಿಗೆ ಗೊತ್ತೇ ಇಲ್ಲ! ಫೋನ್ ಕೊಟ್ಟವನು ಅಷ್ಟರಲ್ಲಿ ನಾಪತ್ತೆ.

ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾಯ್ದೆ ಪ್ರಕಾರ ಅಪರಾಧ. ಯಾಕಂದರೆ ಗಲಾಟೆ ಆಗದಂತೆ ಎರಡೂ ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸಬೇಕು, ಯಾರ ಸೀಟು ಎಲ್ಲಿ ಅನ್ನೋದು ಗೊತ್ತಿರಬೇಕು. ಕೇಸು ಮಾರಿದವನ ಮೇಲೆ ಬೀಳುತ್ತದೆ, ಆದರೆ ಟಿಕೆಟ್ ರದ್ದಾದರೆ ಹೊರಗೆ ನಿಲ್ಲೋದು ನೀವೇ.

ಉತ್ತರ 2: ಸುಮ್ನೆ ಕ್ಲಬ್‌ಗಳ ಪರ ಮಾತಾಡಬೇಡಿ. ನಮ್ಮ ಭಾವನ ಹತ್ತಿರ ಅಲ್ಲಿನ ಒಂದು ಕ್ಲಬ್ಬಿನ ಸೀಸನ್ ಟಿಕೆಟ್ ಇದೆ, ಯಾವುದು ಅಂತ ಬೇಡ. ಮಗುವಿಗೆ ಜ್ವರ ಬಂತು ಅಂತ ಪಕ್ಕದ ಮನೆಯವನಿಗೆ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಅವನು ಒಳಗೆ ಜಗಳ ಮಾಡಿಕೊಂಡ, ಭಾವನ ಟಿಕೆಟ್ ಸೀಸನ್ ಮುಗಿಯುವ ತನಕ ಅಮಾನತು. ರಾಶಿ ನಕಲಿ ಅಕೌಂಟ್ ಇಟ್ಟುಕೊಂಡು ದಂಧೆ ಮಾಡುವವನನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ಉತ್ತರ 1: ಅದು ಅನ್ಯಾಯವೇ, ಒಪ್ಪಿದೆ. ಆದರೆ ಲಿವರ್‌ಪೂಲ್‌ನಂಥ ಕಡೆ ಪರಿಚಯದವರನ್ನು ಮೊದಲೇ ಪಟ್ಟಿಗೆ ಸೇರಿಸಿದರೆ ಟಿಕೆಟ್ ಅವರಿಗೆ ವರ್ಗಾಯಿಸಬಹುದು. ತಾಪತ್ರಯ ಇರೋದು ಕೊನೇ ಗಳಿಗೆಯಲ್ಲಿ.

ಉತ್ತರ 3: ಕಂಠೀರವದಲ್ಲಿ ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಮ್ಯಾಚ್ ನೋಡಿ ಬೆಳೆದವರಿಗೆ ಇದೆಲ್ಲ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು, ನಡೆದು ಹೋಗಿ, ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿಯುವಂತೆ ಕೂಗಿ ಬರುತ್ತೇವೆ. ಆದರೆ ಅಲ್ಲಿಂದ ಕೂಗಳತೆಯಲ್ಲೇ, 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ 11 ಜನ ಸತ್ತರು. ಪಾಸ್ ಬೇಕೋ ಬೇಡವೋ ಅಂತ ಗೇಟಿನ ಮುಂದಿದ್ದ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅದಾದ ಮೇಲೆ ಗೇಟಿನ ಬಿಗಿ ಬಗ್ಗೆ ನನ್ನದು ತಕರಾರಿಲ್ಲ. ಶಿಕ್ಷೆ ಕೊಡುವ ಮುಂಚೆ ಮಾತ್ರ ಅಭಿಮಾನಿಯ ಮಾತೂ ಕೇಳಲಿ.

ಉತ್ತರ 4: ಟಿಕೆಟ್ ಸಿಗದಿದ್ದರೆ ಲಿವರ್‌ಪೂಲ್ ಊರಲ್ಲಿ ಬೇರೆ ಫುಟ್‌ಬಾಲ್ ಇಲ್ಲವಾ? ಅದೇ ಊರಿನ ಇನ್ನೊಂದು ಕ್ಲಬ್ ಎವರ್ಟನ್ 2025ರಲ್ಲಿ ನದಿ ದಂಡೆಯ ಹೊಸ ಸ್ಟೇಡಿಯಂಗೆ ಹೋಯಿತು. ಹಳೇ ಗುಡಿಸನ್ ಪಾರ್ಕ್‌ನಲ್ಲಿ ಈಗ ಅವರ ಮಹಿಳಾ ತಂಡ ಆಡುತ್ತದೆ. ನದಿಯ ಆಚೆ ದಡದಲ್ಲಿ ಟ್ರಾನ್ಮಿಯರ್ ಅನ್ನೋ ಚಿಕ್ಕ ಕ್ಲಬ್ ಇದೆ, ಅಲ್ಲಿ ಇಷ್ಟು ನೂಕುನುಗ್ಗಲು ಇಲ್ಲ. ಆನ್‌ಫೀಲ್ಡೇ ಆಗಬೇಕು ಅಂದರೆ ಕ್ಲಬ್ ತಾನೇ ಮಾರುವ, ಊಟ-ಉಪಚಾರ ಸೇರಿದ ಹಾಸ್ಪಿಟಾಲಿಟಿ ಟಿಕೆಟ್ ನೋಡಿ. ದುಬಾರಿ, ಆದರೆ ನಿಮ್ಮ ಹೆಸರಲ್ಲೇ ಇರುತ್ತದೆ. ಇನ್ನೊಂದು, ಟಿವಿಯವರಿಗೋಸ್ಕರ ಮ್ಯಾಚ್ ದಿನವೇ ಬದಲಾಗುತ್ತದೆ. ಶನಿವಾರ ಅಂದದ್ದು ಸೋಮವಾರ ರಾತ್ರಿ ಆಗಬಹುದು. ದಿನ ಪಕ್ಕಾ ಆಗುವ ತನಕ ವಾಪಸ್ ಬರುವ ಫ್ಲೈಟ್ ಬುಕ್ ಮಾಡಬೇಡಿ.