ಸ್ವಂತ ಹೆಸರೋ, ಗುಪ್ತನಾಮವೋ: ವಕೀಲರನ್ನು ಕೇಳಿ

ನಿರ್ವಾಹಕರಿಂದ: ವಿಕಿಪೀಡಿಯ, ಮುಕ್ತ ತಂತ್ರಾಂಶ, ಮುಕ್ತ ನಕ್ಷೆ ಇಂಥ ಕೂಡು ಕೆಲಸಗಳಲ್ಲಿ ತೊಡಗಿರುವ ನಮ್ಮ ಸದಸ್ಯರು ಕಳುಹಿಸಿದ ಪ್ರಶ್ನೆಗಳು ಇವು. ಉತ್ತರಿಸುತ್ತಿರುವವರು ಬೆಂಗಳೂರಿನಲ್ಲಿ ಹಕ್ಕುಸ್ವಾಮ್ಯ ಮತ್ತು ಮಾಹಿತಿ ತಂತ್ರಜ್ಞಾನ ಕಾನೂನಿನ ವಕೀಲರು, ನಮ್ಮ ಗುಂಪಿನ ಹಳಬರು. ಪ್ರಶ್ನೆ ಕೇಳಿದ ಬಹುತೇಕರು ಹೆಸರು ಬೇಡ ಎಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ (ಕಾಲೇಜು ಉಪನ್ಯಾಸಕಿ, ಧಾರವಾಡ): ಮೇಡಂ, ನಮ್ಮಲ್ಲಿ ನಡೆದ ವಿಕಿಪೀಡಿಯ ಕಾರ್ಯಾಗಾರದಲ್ಲಿ ಎಲ್ಲರೂ ಸ್ವಂತ ಹೆಸರಿನಲ್ಲೇ ಖಾತೆ ತೆರೆಯಬೇಕು, ಗುಪ್ತನಾಮ ಕಾನೂನಿಗೆ ವಿರುದ್ಧ ಎಂದು ಒಬ್ಬರು ಹೇಳಿದರು. ಜಾತಿ, ದೇವಸ್ಥಾನ, ರಾಜಕೀಯದ ಪುಟಗಳನ್ನು ಮುಟ್ಟಿದರೆ ಯಾರಾದರೂ ಮನೆಯವರೆಗೆ ಬಂದಾರು ಎಂಬ ಅಳುಕು ನನಗಿದೆ. ಗುಪ್ತನಾಮ ನಿಜವಾಗಿಯೂ ತಪ್ಪೇ?

ಉತ್ತರ: ತಪ್ಪಲ್ಲ. ಕಾರ್ಯಾಗಾರದಲ್ಲಿ ಹಾಗೆ ಹೇಳಿದವರು ಯಾವ ಕಲಂ ಎಂದು ಹೇಳಿದರೇ? ಹೇಳಿರಲಾರರು, ಏಕೆಂದರೆ ಅಂಥ ಕಲಂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಡಿ ಹಿಡಿಯುವುದು ಬೇರೆಯವರ ಸೋಗು ಹಾಕಿ ವಂಚಿಸುವವರನ್ನು. 66ಸಿ ಹಿಡಿಯುವುದು ಬೇರೆಯವರ ಪಾಸ್‌ವರ್ಡ್, ಡಿಜಿಟಲ್ ಸಹಿ ಮುಂತಾದ ಗುರುತನ್ನು ದುರ್ಬಳಕೆ ಮಾಡುವವರನ್ನು. ಎರಡಕ್ಕೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನೀವು ಒಂದು ಹೂವಿನ ಹೆಸರಿಟ್ಟುಕೊಂಡು ಬರೆದರೆ ಯಾರ ಸೋಗನ್ನೂ ಹಾಕಿದಂತಾಗದು. ನಿಮ್ಮ ಪ್ರಾಂಶುಪಾಲರ ಹೆಸರಿಟ್ಟುಕೊಂಡರೆ ಅದು ಬೇರೆ ಮಾತು. ಅದೇ ಕಾಯ್ದೆಯಡಿ ಬಂದ 2021ರ ನಿಯಮಗಳು ಐವತ್ತು ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಾಮಾಜಿಕ ಜಾಲತಾಣಗಳಿಗೂ ಹೇಳುವುದು ಇಷ್ಟೇ: ಗುರುತು ಪರಿಶೀಲಿಸಿಕೊಳ್ಳುವ ಸೌಲಭ್ಯ ಕೊಡಿ, ಬೇಕಾದವರು ಬಳಸಲಿ.

ಆದರೆ ಗುಪ್ತನಾಮ ಇಟ್ಟುಕೊಂಡ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ನಿರಂತರವಾಗಿ ಬರೆಯುವವರು ಕಡಿಮೆ, ಒಬ್ಬರನ್ನೊಬ್ಬರು ಬಲ್ಲರು. ಹೊಸಬರು ಮೊದಲು ಬರೆಯುವುದೇ ತಮ್ಮ ಊರಿನ ಬಗ್ಗೆ, ಓದಿದ ಶಾಲೆಯ ಬಗ್ಗೆ, ತಮಗೆ ಪಾಠ ಹೇಳಿದ ಗುರುಗಳ ಬಗ್ಗೆ. ಆ ಮೂರು ಪುಟಗಳನ್ನು ಜೋಡಿಸಿದರೆ ಹೂವಿನ ಹಿಂದೆ ಯಾರಿದ್ದಾರೆ ಎಂಬುದು ಗೊತ್ತಾಗುತ್ತದೆ. ಒಟ್ಟಿಗೆ ಕೂತು ಪುಟ ಬರೆಯುವ ಸಂಪಾದನೋತ್ಸವ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಳ್ಳುವ ಫೋಟೋ ವಿಕಿಪೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ಗೆ ಹೋಗುತ್ತದೆ, ಕೆಳಗೆ ಯಾರು ಯಾರು ಎಂಬ ಪಟ್ಟಿಯೂ ಇರುತ್ತದೆ. ಮರೆಯಲ್ಲಿರಬೇಕು ಎನ್ನುವವರು ಆ ಸಾಲಿನಲ್ಲಿ ನಿಲ್ಲಬೇಡಿ. ಮೊದಲ ಪುಟ ಊರಿನದ್ದಾಗದಿರಲಿ. ಬೇರೆಲ್ಲೂ ಬಳಸದ ಇಮೇಲ್ ಕೊಡಿ. ಇದನ್ನೆಲ್ಲ ಖಾತೆ ತೆರೆಯುವ ಮೊದಲೇ ಯೋಚಿಸಬೇಕು. ಗುಪ್ತನಾಮದಿಂದ ಸ್ವಂತ ಹೆಸರಿಗೆ ಯಾವಾಗ ಬೇಕಾದರೂ ಬರಬಹುದು, ಹಿಂದಿರುಗುವ ದಾರಿ ಇಲ್ಲ.

ಅದರ ಕೆಳಗೆ ಇನ್ನೊಬ್ಬ ಸದಸ್ಯರು: ಅದಕ್ಕೇ ನಾನು ಖಾತೆಯನ್ನೇ ತೆರೆಯದೆ ತಿದ್ದುತ್ತಿದ್ದೆ. ಹೆಸರೇ ಇಲ್ಲವೆಂದ ಮೇಲೆ ಯಾವ ಚಿಂತೆ?

ಉತ್ತರ: ಅಯ್ಯೋ, ಅದೇ ಎಲ್ಲಕ್ಕಿಂತ ತೆರೆದ ದಾರಿಯಾಗಿತ್ತು. ಖಾತೆ ಇಲ್ಲದೆ ತಿದ್ದಿದರೆ ಪುಟದ ಇತಿಹಾಸದಲ್ಲಿ ನಿಮ್ಮ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಅಂದರೆ ಐಪಿ ವಿಳಾಸವೇ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿತ್ತು. ಕಚೇರಿಯ ಸಂಪರ್ಕದಿಂದ ತಿದ್ದಿದ್ದರೆ ಕಚೇರಿಯ ಗುರುತೂ ಸಿಕ್ಕಿಬಿಡುತ್ತಿತ್ತು. ಇದನ್ನು ಸರಿಪಡಿಸಲೆಂದೇ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನ ಈಚೆಗೆ ತಾತ್ಕಾಲಿಕ ಖಾತೆಗಳ ವ್ಯವಸ್ಥೆಯನ್ನು ತಂದಿದೆ. ಹಳೆಯ ತಿದ್ದುಪಡಿಗಳ ಐಪಿ ವಿಳಾಸಗಳು ಮಾತ್ರ ಇತಿಹಾಸದಲ್ಲಿ ಹಾಗೆಯೇ ಇವೆ. ಖಾತೆ ತೆರೆದರೆ ಐಪಿ ವಿವರವನ್ನು ನೋಡಬಲ್ಲವರು ಬೆರಳೆಣಿಕೆಯಷ್ಟು ಅಧಿಕಾರಸ್ಥ ಸದಸ್ಯರು, ಅದೂ ಮೂರು ತಿಂಗಳ ಒಳಗಿನದ್ದನ್ನು ಮಾತ್ರ.

ಪ್ರಶ್ನೆ (ನಿವೃತ್ತ ಮುಖ್ಯೋಪಾಧ್ಯಾಯರು, ಶಿವಮೊಗ್ಗ): ನಾನು ಜೀವನವಿಡೀ ಸಹಿ ಹಾಕಿ ಬರೆದವನು. ಮುಖ ತೋರಿಸಲು ಹೆದರುವವನು ಬರೆದದ್ದನ್ನು ನಾನೇಕೆ ನಂಬಬೇಕು? ಎಲ್ಲರೂ ನಿಜ ಹೆಸರಿನಲ್ಲಿ ಬರೆಯಲಿ ಎಂದು ಕಡ್ಡಾಯ ಮಾಡಿದರೆ ಅರ್ಧ ಜಗಳ ನಿಂತೇ ಹೋಗುತ್ತದೆ.

ಉತ್ತರ: ಸರ್, ನಿಮ್ಮ ಅನುಮಾನಕ್ಕೆ ಕಾರಣವಿದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಸ್‌ಜೇ ಎಂಬ ಗುಪ್ತನಾಮದ ನಿರ್ವಾಹಕನೊಬ್ಬನಿದ್ದ. ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕ ಎಂದು ಹೇಳಿಕೊಂಡಿದ್ದ. 2006ರಲ್ಲಿ ದಿ ನ್ಯೂಯಾರ್ಕರ್ ಪತ್ರಿಕೆ ಅದನ್ನು ನಂಬಿ ಬರೆಯಿತು. ಮರುವರ್ಷ ಆತ ಇಪ್ಪತ್ತನಾಲ್ಕರ ಯುವಕ, ಪ್ರಾಧ್ಯಾಪಕನಲ್ಲ ಎಂಬುದು ಬಯಲಾಯಿತು. ಗಮನಿಸಿ: ಅಲ್ಲಿ ಕೆಟ್ಟದ್ದು ಗುಪ್ತನಾಮದಿಂದ ಆಗಲಿಲ್ಲ, ಇಲ್ಲದ ಪದವಿಯನ್ನು ಚರ್ಚೆಯಲ್ಲಿ ಅಸ್ತ್ರವಾಗಿ ಬಳಸಿದ್ದರಿಂದ ಆಯಿತು. ‘ನಾನು ಪ್ರಾಧ್ಯಾಪಕ, ನನ್ನ ಮಾತು ಕೇಳಿ’ ಎನ್ನುವವನಿಂದ ಪುರಾವೆ ಕೇಳಬೇಕು. ‘ಈ ಗ್ರಂಥದ ಈ ಪುಟ ನೋಡಿ’ ಎನ್ನುವವನ ಹೆಸರು ಕಟ್ಟಿಕೊಂಡು ನಿಮಗೇನು? ಪುಟ ತೆರೆದು ನೋಡಿದರಾಯಿತು.

ನೀವು ಹೇಳುವ ಕಡ್ಡಾಯವನ್ನೂ ಮಾಡಿ ನೋಡಿದ್ದಾರೆ. ವಿಕಿಪೀಡಿಯದ ಸಹಸಂಸ್ಥಾಪಕ ಲ್ಯಾರಿ ಸ್ಯಾಂಗರ್ 2007ರಲ್ಲಿ ಸಿಟಿಜನ್‌ಡಿಯಂ ಎಂಬ ಇನ್ನೊಂದು ವಿಶ್ವಕೋಶವನ್ನು ಸಾರ್ವಜನಿಕರಿಗೆ ತೆರೆದರು. ಅಲ್ಲಿ ನಿಜ ಹೆಸರು ಕಡ್ಡಾಯ, ತಜ್ಞರ ಮೇಲ್ವಿಚಾರಣೆ ಬೇರೆ. ವಿಕಿಪೀಡಿಯದ ಪಕ್ಕದಲ್ಲಿ ಅದು ಬೆಳೆಯಲೇ ಇಲ್ಲ. ಸೋಲಿಗೆ ಹೆಸರೊಂದೇ ಕಾರಣ ಎನ್ನಲಾರೆ, ಆದರೆ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರೆ ಒಂದು ಕಾಗುಣಿತ ತಿದ್ದಲು ಬಂದವರು ಹಾಗೆಯೇ ಹೊರಟುಹೋಗುತ್ತಾರೆ.

ಇನ್ನು ಜಗಳದ ವಿಷಯ. ದಕ್ಷಿಣ ಕೊರಿಯಾ 2007ರಲ್ಲಿ ಇದನ್ನು ಕಾನೂನನ್ನೇ ಮಾಡಿತು: ದಿನಕ್ಕೆ ಮೂರು ಲಕ್ಷಕ್ಕಿಂತ ಹೆಚ್ಚು ಜನ ಬರುವ ತಾಣಗಳಲ್ಲಿ ಬರೆಯಲು ನಿಜ ಗುರುತು ಬೇಕು. 2009ರಲ್ಲಿ ಆ ಮಿತಿಯನ್ನು ಒಂದು ಲಕ್ಷಕ್ಕೆ ಇಳಿಸಿತು. ಹಾಗೆ ಸಂಗ್ರಹವಾದ ಗುರುತುಗಳೇ ಕಳ್ಳರಿಗೆ ಭಂಡಾರವಾದವು. 2011ರಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಂದ ಸುಮಾರು ಮೂರೂವರೆ ಕೋಟಿ ಬಳಕೆದಾರರ ವಿವರ ಸೋರಿತು. 2012ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು. ಅಕ್ರಮ ಬರಹಗಳು ಹೇಳಿಕೊಳ್ಳುವಷ್ಟು ಕಡಿಮೆಯಾದದ್ದು ಕಂಡುಬಂದಿಲ್ಲ ಎಂದೂ ಹೇಳಿತು. ನಮ್ಮಲ್ಲೂ ಊರು, ಮನೆತನ, ಫೋಟೋ ಎಲ್ಲ ಹಾಕಿಕೊಂಡೇ ಬಾಯಿಗೆ ಬಂದಂತೆ ಬೈಯುವವರಿಗೆ ಕೊರತೆಯಿಲ್ಲ, ಅಲ್ಲವೇ ಸರ್?

ಅದೇ ಮುಖ್ಯೋಪಾಧ್ಯಾಯರು: ಬೈಗುಳದ ಮಾತು ಒಪ್ಪಿದೆ. ಆದರೂ ನಿಜ ಹೆಸರಿದ್ದರೆ ಕಡೆಗೆ ಹಿಡಿಯಲಾದರೂ ಆಗುತ್ತದೆ.

ಉತ್ತರ: ಹೆಸರು ನಿಜವೆಂದು ನಿಮಗೆ ತಿಳಿಯುವುದು ಹೇಗೆ? ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶ ಭಾಗ ಲಕ್ಷಾಂತರ ಸರ್ವರ್‌ಗಳಲ್ಲಿದೆ. ಜಿಯಾ ಟಾನ್ ಎಂಬ ಹೆಸರಿನವರು ಅದಕ್ಕೆ ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, ನಿರ್ವಹಣೆಯ ಅಧಿಕಾರವನ್ನೂ ಪಡೆದು, ಕೊನೆಗೆ ಅದರೊಳಗೆ, ಸರ್ವರ್‌ಗಳಿಗೆ ಕದ್ದು ನುಗ್ಗಲು ಹಿಂಬಾಗಿಲು ಕೊರೆದರು. ಹೆಸರು ಯಾರದೋ ಮಗನದ್ದೋ ಮಗಳದ್ದೋ ಎಂಬಂತೆ ಸಹಜವಾಗಿತ್ತು. ಆ ವ್ಯಕ್ತಿ ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. 2024ರ ಮಾರ್ಚ್‌ನಲ್ಲಿ ಅದು ಸಿಕ್ಕಿಬಿದ್ದದ್ದು, ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಏಕೆ ಹಿಡಿಯುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ. ಕೆಲಸವನ್ನು ಪರೀಕ್ಷಿಸಿದ್ದರಿಂದ ಉಳಿದೆವು.

ಪ್ರಶ್ನೆ (ತಂತ್ರಾಂಶ ಎಂಜಿನಿಯರ್, ಮಂಗಳೂರು): ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಗುಪ್ತನಾಮದಲ್ಲಿ ಕೋಡ್ ಕೊಡಬಹುದೇ? ಬಹಳ ಹಿಂದೆ ಸ್ನೇಹಿತನೊಬ್ಬನಿಗೆ ಬೇಡ ಎಂದಿದ್ದರು.

ಉತ್ತರ: ಈಗ ಸ್ವಲ್ಪ ಸಡಿಲವಾಗಿದೆ. ತನ್ನ ಕೋಡ್ ಲಿನಕ್ಸ್‌ನಲ್ಲಿ ಸೇರಿಕೊಂಡಿದೆ ಎಂದು ಎಸ್‌ಸಿಒ ಕಂಪನಿ 2003ರಲ್ಲಿ ದಾವೆ ಹೂಡಿದ ಮೇಲೆ, ಯಾವ ಸಾಲು ಯಾರಿಂದ ಬಂತು ಎಂದು ತೋರಿಸಬೇಕಾದ ಇಕ್ಕಟ್ಟು ಲಿನಕ್ಸ್‌ಗೆ ಬಂತು. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಪ್ರತಿಯೊಬ್ಬರೂ ಸಹಿ ಮಾಡುವ ಪದ್ಧತಿ 2004ರಲ್ಲಿ ಶುರುವಾದದ್ದು ಅದರಿಂದ. ನಿಜ ಹೆಸರೇ ಬೇಕು, ಗುಪ್ತನಾಮ ಕೂಡದು ಎಂದು ಬರೆದಿದ್ದರು. 2023ರಲ್ಲಿ ಆ ಸಾಲನ್ನು ತಿದ್ದಿ, ಪರಿಚಿತವಾದ ಗುರುತು ಇರಲಿ, ಅನಾಮಧೇಯರಾಗಿ ಕೊಡಬೇಡಿ ಎಂದಷ್ಟೇ ಇಟ್ಟರು. ಬಹಳ ಕಾಲದಿಂದ ಒಂದೇ ಅಡ್ಡಹೆಸರಿನಲ್ಲಿ ಕೆಲಸ ಮಾಡಿ ಸಮುದಾಯಕ್ಕೆ ಗೊತ್ತಿರುವವರಿಗೆ ಇದರಿಂದ ಅನುಕೂಲ. ಆದರೆ ನಿಮ್ಮ ಕಂಪನಿಯ ಒಪ್ಪಂದವನ್ನು ಮೊದಲು ಓದಿ. ಬಿಡುವಿನಲ್ಲಿ ಬರೆದ ಕೋಡ್ ಕೂಡ ತನ್ನದೇ ಎನ್ನುವ ಒಪ್ಪಂದಗಳಿವೆ. ಅಡ್ಡಹೆಸರು ಆ ತಕರಾರನ್ನು ಮುಚ್ಚಿಡುತ್ತದೆ, ತೀರಿಸುವುದಿಲ್ಲ.

ಪ್ರಶ್ನೆ (ಹೆಸರು, ಊರು ಎರಡೂ ಬೇಡ ಎಂದವರು): ದೆಹಲಿಯ ಪ್ರಕರಣದ ನಂತರ ಭಯವಾಗಿದೆ. ನ್ಯಾಯಾಲಯ ಕೇಳಿದರೆ ನನ್ನ ಹೆಸರು ಕೊಟ್ಟುಬಿಡುತ್ತಾರೆಯೇ?

ಉತ್ತರ: ಗೊತ್ತಿಲ್ಲದವರಿಗಾಗಿ ಎರಡು ಮಾತು. ತನ್ನ ಬಗೆಗಿನ ವಿಕಿಪೀಡಿಯ ಪುಟ ಮಾನಹಾನಿಕರ ಎಂದು ಎಎನ್‌ಐ ಸುದ್ದಿಸಂಸ್ಥೆ 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಎರಡು ಕೋಟಿ ರೂಪಾಯಿಯ ದಾವೆ ಹೂಡಿತು. ಪುಟ ತಿದ್ದಿದ ಮೂವರ ವಿವರ ಕೊಡುವಂತೆ ನ್ಯಾಯಾಲಯ ವಿಕಿಮೀಡಿಯಾ ಪ್ರತಿಷ್ಠಾನಕ್ಕೆ ಹೇಳಿತು. ಎಳೆದಾಟದ ನಂತರ ಆ ವರ್ಷದ ನವೆಂಬರ್‌ನಲ್ಲಿ ಎರಡೂ ಕಡೆಯವರು ಒಪ್ಪಿ, ಸಮನ್ಸನ್ನು ಪ್ರತಿಷ್ಠಾನವೇ ಆ ಸಂಪಾದಕರಿಗೆ ತಲುಪಿಸುವುದೆಂದು ಆಯಿತು. ಮೊಕದ್ದಮೆಯ ಬಗೆಗಿನ ಪುಟವನ್ನು ತೆಗೆಸಿದ ಆದೇಶವನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು, ಅದು ಬೇರೆ ಎಳೆ.

ಇದರಿಂದ ನಿಮಗೆ ತಿಳಿಯಬೇಕಾದದ್ದು: ನೀವು ಎಲ್ಲಿಯೂ ಕೊಡದ ಹೆಸರನ್ನು ಪ್ರತಿಷ್ಠಾನ ಕೊಡಲಾರದು. ಅದರ ಬಳಿ ಇರುವುದು ಇಮೇಲ್, ಐಪಿ ವಿಳಾಸ ಇಷ್ಟೇ. ಆದರೆ ಐಪಿ ವಿಳಾಸದಿಂದ ದೂರಸಂಪರ್ಕ ಕಂಪನಿಗೆ, ಅಲ್ಲಿಂದ ಸಿಮ್ ಕೊಳ್ಳುವಾಗ ನೀವೇ ಕೊಟ್ಟ ಗುರುತಿನ ಪತ್ರಕ್ಕೆ ದಾರಿ ಇದೆ. ಗುಪ್ತನಾಮ ನಿಮ್ಮನ್ನು ಓಣಿಯ ಪುಂಡರಿಂದ, ಕುತೂಹಲದ ನೆಂಟರಿಂದ ಕಾಪಾಡುತ್ತದೆ. ನ್ಯಾಯಾಲಯದಿಂದ ಕಾಪಾಡುತ್ತದೆ ಎಂದು ನಂಬಿ ಬರೆಯಬೇಡಿ. ಅಲ್ಲಿ ನಿಮ್ಮನ್ನು ಕಾಪಾಡುವುದು ಪ್ರತಿ ವಾಕ್ಯಕ್ಕೂ ನೀವು ಕೊಟ್ಟ ಆಧಾರ.

ಪ್ರಶ್ನೆ (ಕೇಂದ್ರ ಸರ್ಕಾರಿ ನೌಕರ): ಗುಪ್ತನಾಮದಲ್ಲಿ ಬರೆದರೆ ಇಲಾಖೆಯ ಅನುಮತಿಯ ತಲೆನೋವಿಲ್ಲ, ಅಲ್ಲವೇ?

ಉತ್ತರ: ಇದೆ. 1964ರ ನಡತೆ ನಿಯಮಗಳ 9ನೆಯ ನಿಯಮ ಸರ್ಕಾರದ ನೀತಿಯ ಪ್ರತಿಕೂಲ ಟೀಕೆಯನ್ನು ನಿರ್ಬಂಧಿಸುವಾಗ, ಸ್ವಂತ ಹೆಸರಿನಲ್ಲಾಗಲಿ, ಅನಾಮಧೇಯವಾಗಿ ಆಗಲಿ, ಗುಪ್ತನಾಮದಲ್ಲಾಗಲಿ ಎಂದು ಎಲ್ಲವನ್ನೂ ಸೇರಿಸಿಯೇ ಹೇಳುತ್ತದೆ. ನಿಯಮ ಬರೆದವರು ನಿಮಗಿಂತ ಮೊದಲೇ ಯೋಚಿಸಿದ್ದಾರೆ. ಹೊಯ್ಸಳ ಶಿಲ್ಪ, ಕಪ್ಪೆಯ ಪ್ರಭೇದ ಎಂದು ಬರೆಯುತ್ತಿದ್ದರೆ ನೆಮ್ಮದಿಯಾಗಿ ಮಲಗಿ. ನಿಮ್ಮ ಇಲಾಖೆಯ ಪುಟವನ್ನು ಮಾತ್ರ ಮುಟ್ಟಬೇಡಿ, ಹೊಗಳುವುದಕ್ಕೂ ಬೇಡ. ಸಂಬಳಕ್ಕಾಗಿಯೋ ಮೇಲಧಿಕಾರಿಯ ಸೂಚನೆಯಿಂದಲೋ ತಿದ್ದಿದರೆ, ಯಾರ ಪರವಾಗಿ ಎಂದು ಬಹಿರಂಗಪಡಿಸಬೇಕೆಂದು ವಿಕಿಮೀಡಿಯಾದ ಬಳಕೆಯ ಷರತ್ತುಗಳು 2014ರಿಂದಲೂ ಹೇಳುತ್ತಿವೆ. ಆಗಲೂ ನಿಮ್ಮ ಹೆಸರು ಕೇಳುವುದಿಲ್ಲ, ಯಜಮಾನರದ್ದನ್ನು ಕೇಳುತ್ತವೆ. ಇದು ನನಗೆ ಬಹಳ ಹಿಡಿಸಿದ ನಿಯಮ.

ಪ್ರಶ್ನೆ (ಛಾಯಾಗ್ರಾಹಕಿ, ಮೈಸೂರು): ಅಡ್ಡಹೆಸರಿನಲ್ಲಿ ಹಾಕಿದ ಚಿತ್ರಗಳ ಹಕ್ಕು ನನ್ನದಾಗಿ ಉಳಿಯುತ್ತದೆಯೇ? ಬಳಸುವವರು ಆ ಹೆಸರನ್ನೇ ಹಾಕಬೇಕೇ?

ಉತ್ತರ: ಎರಡಕ್ಕೂ ಹೌದು. ಇಂಥ ಚಿತ್ರಗಳಿಗೆ ಬಳಸುವ ಮುಕ್ತ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್ 4.0ರಲ್ಲಿ, ನೀವು ಗುಪ್ತನಾಮವನ್ನು ಸೂಚಿಸಿದ್ದರೆ ಅದನ್ನೇ ಹಾಕಬೇಕೆಂದು ಸ್ಪಷ್ಟವಾಗಿದೆ. ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 23, ಛಾಯಾಚಿತ್ರಗಳನ್ನು ಬಿಟ್ಟು, ಗುಪ್ತನಾಮದ ಇತರ ಕೃತಿಗಳಿಗೆ ಪ್ರಕಟಣೆಯ ಮುಂದಿನ ವರ್ಷದ ಮೊದಲಿನಿಂದ ಅರವತ್ತು ವರ್ಷದ ರಕ್ಷಣೆ ಕೊಡುತ್ತದೆ. ಆ ಅವಧಿಯೊಳಗೆ ಕರ್ತೃ ಯಾರೆಂದು ಬಹಿರಂಗವಾದರೆ ಲೆಕ್ಕ ಬದಲಾಗಿ, ಕರ್ತೃವಿನ ಮರಣಾನಂತರದ ಅರವತ್ತು ವರ್ಷವಾಗುತ್ತದೆ. ನಮ್ಮ ನಿರಂಜನರನ್ನೇ ನೋಡಿ: ಕುಳಕುಂದ ಶಿವರಾಯರ ಕಾವ್ಯನಾಮ ಅದು, ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಹಕ್ಕು ಕುಟುಂಬಕ್ಕೆ ಬಂತು, ಕುಟುಂಬದವರು ಅವರ ಕೃತಿಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಲೂ ಸಾಧ್ಯವಾಯಿತು. ನೀವು ಯಾರೆಂದು ಯಾರಿಗೂ ತಿಳಿಯದಿದ್ದರೆ, ನಾಳೆ ಯಾರೋ ಕದ್ದಾಗ ನೀವೇ ಕರ್ತೃ ಎಂದು ತೋರಿಸುವುದು ಕಷ್ಟ. ಮೂಲ ಕಡತಗಳನ್ನು ಅಳಿಸಬೇಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ.

ನಿರ್ವಾಹಕರ ಪ್ರಶ್ನೆ: ಕೊನೆಯದಾಗಿ ನಮ್ಮದೇ ಸಮಸ್ಯೆ. ಗುಂಪನ್ನು ಸಂಘವಾಗಿ ನೋಂದಾಯಿಸಬೇಕೆಂದಿದ್ದೇವೆ. ಎಲ್ಲ ಸದಸ್ಯರಿಂದಲೂ ನಿಜ ಹೆಸರು, ಆಧಾರ್ ಕೇಳಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ.

ಉತ್ತರ: ಕೇಳಬೇಡಿ. ಕೇಳಿದರೆ ಆ ಪ್ರತಿಗಳು ನಿಮ್ಮಲ್ಲೊಬ್ಬರ ಮೊಬೈಲಿನಲ್ಲಿ, ಮದುವೆಯ ಫೋಟೋಗಳ ನಡುವೆ ಇರುತ್ತವೆ. ಸೋರಿದರೆ ಹೊಣೆ ನಿಮ್ಮದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಆ ಏಳು ಜನ, ಬ್ಯಾಂಕ್ ಖಾತೆಗೆ ಸಹಿ ಹಾಕುವವರು, ಅನುದಾನ ಪಡೆಯುವವರು, ಇಷ್ಟು ಮಂದಿ ನಿಜ ಹೆಸರಿನಲ್ಲಿ, ದಾಖಲೆ ಸಮೇತ ಇರಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಬರೆಯುವವರು, ಕರಡು ತಿದ್ದುವವರು, ನಕ್ಷೆಗೆ ಬೀದಿ ಸೇರಿಸುವವರು ಯಾವ ಹೆಸರಿನಲ್ಲಾದರೂ ಇರಲಿ, ಒಬ್ಬರಿಗೆ ಒಂದೇ ಖಾತೆ, ಒಂದೇ ಮತ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಬೈಲಾದ ಕರಡನ್ನು ಕಳುಹಿಸಿ, ಸದಸ್ಯತ್ವದ ಕಲಮನ್ನು ನಾನೇ ತಿದ್ದಿಕೊಡುತ್ತೇನೆ.