ಟೇಬಲ್ ಗರಗಸ ಆನ್ ಮಾಡಿದರೆ ಎಂಸಿಬಿ ಬೀಳುತ್ತಿದೆ, 32 ಆಂಪಿಯರ್‌ದು ಹಾಕಿಸಲಾ?

ಹೊಸ_ಬಡಗಿ:
ನಮಸ್ಕಾರ ಎಲ್ಲರಿಗೂ. ಸೆಕೆಂಡ್‌ಹ್ಯಾಂಡ್ ಟೇಬಲ್ ಗರಗಸ ತಂದಿದ್ದೇನೆ. ಸಿಂಗಲ್ ಫೇಸ್, 2 ಎಚ್‌ಪಿ. ಪ್ಲೇಟ್ ಮೇಲೆ 230 ವೋಲ್ಟ್, 10.5 ಆಂಪಿಯರ್ ಅಂತ ಇದೆ. ಶೆಡ್ಡಿನಲ್ಲಿ ಸಾಕೆಟ್ ಇಲ್ಲ. ಮನೆಯಿಂದ 30 ಮೀಟರ್ ಎಕ್ಸ್‌ಟೆನ್ಶನ್ ಎಳೆದಿದ್ದೇನೆ. ಆನ್ ಮಾಡಿದರೆ ಗುಂಯ್ ಅನ್ನುತ್ತೆ, ನಿಧಾನಕ್ಕೆ ವೇಗ ಹಿಡಿಯುತ್ತೆ, ಎಷ್ಟೋ ಸಲ ಅಷ್ಟರಲ್ಲೇ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನಾಗೇ ಆಫ್ ಆಗುವ ಬೋರ್ಡಿನ ಸ್ವಿಚ್) ಬೀಳುತ್ತೆ. ಅದರ ಮೇಲೆ ಬಿ16 ಅಂತ ಬರೆದಿದೆ. 32ರದು ಹಾಕಿಸಿದರೆ ಸರಿಹೋಗುತ್ತಾ? ಇನ್ನೊಂದು ಸಣ್ಣ ವಿಷಯ, ಟೇಬಲ್ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ.

ಹಳೇ_ಮೋಟಾರು:
ಸರ್, ಎಂಸಿಬಿ ಮಾತು ಆಮೇಲೆ. ಮೊದಲು ಪ್ಲಗ್ ಕಿತ್ತಿಡಿ. ಜುಮ್ ಅನ್ನೋದು ಸಣ್ಣ ವಿಷಯ ಅಲ್ಲ. ಮೆಷಿನ್ ಬಾಡಿಗೆ ಅರ್ಥ್ ಸಿಗುತ್ತಿಲ್ಲ ಅಂತ ಅರ್ಥ. ಇವತ್ತು ಸೋರುತ್ತಿರುವ ಕರೆಂಟ್ ಕಡಿಮೆ ಇರಬಹುದು. ಒಳಗೆ ಫೇಸ್ ವೈರಿನ ಇನ್ಸುಲೇಶನ್ ಹೋದರೆ ಇಡೀ ಟೇಬಲ್‌ಗೆ 230 ವೋಲ್ಟ್ ಬರುತ್ತೆ, ಎಂಸಿಬಿ ಸುಮ್ನೆ ನೋಡ್ತಾ ಕೂತಿರುತ್ತೆ. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರೋದು ವೈರ್ ಸುಡದ ಹಾಗೆ ನೋಡಿಕೊಳ್ಳೋಕೆ. ಚಪ್ಪಲಿ ನಂಬಿಕೊಂಡು ಕೆಲಸ ಮಾಡಬೇಡಿ.

ಎಕ್ಸ್‌ಟೆನ್ಶನ್ ಅನ್ನು ಗೋಡೆಯಿಂದ ಕಿತ್ತು, ಅದರ ಪ್ಲಗ್ ಬಿಚ್ಚಿ ನೋಡಿ. ಒಳಗೆ ಎಷ್ಟು ವೈರ್ ಇದೆ? ಕೇಬಲ್ ಮೇಲೆ ಏನು ಬರೆದಿದೆ?

ಹೊಸ_ಬಡಗಿ:
ಬಿಚ್ಚಿದೆ. ಪ್ಲಗ್‌ಗೆ ಮೂರು ಪಿನ್ ಇದೆ, ವೈರ್ ಇರೋದು ಎರಡೇ, ಕೆಂಪು ಮತ್ತು ಕಪ್ಪು. ಮೇಲಿನ ದಪ್ಪ ಪಿನ್ನಿನ ಸ್ಕ್ರೂ ಖಾಲಿ. ಕೇಬಲ್ ಮೇಲೆ 0.75 ಸ್ಕ್ವೇರ್ ಎಂಎಂ ಅಂತ ಇದೆ. ಅರ್ಧ ಕೇಬಲ್ ಸುರುಳಿಯಲ್ಲೇ ಇತ್ತು, ಅದು ಬಿಸಿ ಆಗುತ್ತಿತ್ತು.

ಹಳೇ_ಮೋಟಾರು:
ಎರಡೂ ತೊಂದರೆ ಅಲ್ಲೇ ಇದೆ ನೋಡಿ. ಹಸಿರು ವೈರೇ ಇಲ್ಲ ಅಂದಮೇಲೆ ಅರ್ಥ್ ಎಲ್ಲಿಂದ ಬರಬೇಕು? ಯಾರಾದರೂ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ಅಂದರೆ ಕೇಳಲೇಬೇಡಿ. ನ್ಯೂಟ್ರಲ್ ಎಲ್ಲಾದರೂ ಕಿತ್ತುಹೋದರೆ ಬಾಡಿಗೆ ನೇರ ಫೇಸ್ ಬಂದ ಹಾಗೆ.

ಇನ್ನು ಗುಂಯ್ ವಿಷಯ. ಈ ಮೋಟಾರು ಸ್ಟಾರ್ಟ್ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಅಂದರೆ 50-60 ಆಂಪಿಯರ್. ನಿಮ್ಮ ಕೇಬಲ್‌ನಲ್ಲಿ ಹೋಗಿ ಬರೋದು ಸೇರಿ 60 ಮೀಟರ್ ಸಪೂರ ತಾಮ್ರ, ಸುಮಾರು ಒಂದೂವರೆ ಓಮ್. ಸ್ಟಾರ್ಟ್ ಆಗುವ ಹೊತ್ತಿಗೆ 60 ವೋಲ್ಟ್‌ನಷ್ಟು ಅದರಲ್ಲೇ ಕಳೆದುಹೋಗುತ್ತೆ. ಮೋಟಾರಿಗೆ ಸಿಗೋದು 170 ಚಿಲ್ಲರೆ. ವೋಲ್ಟೇಜ್ ಕಾಲು ಭಾಗ ಇಳಿದರೆ ತಿರುಗಿಸುವ ಬಲ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಅದಕ್ಕೇ ಬ್ಲೇಡ್ ಏಳೋಕೆ ಒದ್ದಾಡುತ್ತೆ, ಜಾಸ್ತಿ ಕರೆಂಟ್ ಜಾಸ್ತಿ ಹೊತ್ತು ಹರಿಯುತ್ತೆ, ಎಂಸಿಬಿ ಬೀಳುತ್ತೆ. 32ರದು ಹಾಕಿದ್ದರೆ ಬೀಳುತ್ತಿರಲಿಲ್ಲ, ಆ ಸುರುಳಿ ಕರಗುತ್ತಿತ್ತು.

2.5 ಸ್ಕ್ವೇರ್ ಎಂಎಂ, ಮೂರು ಕೋರಿನ, ಅಂದರೆ ಒಳಗೆ ಮೂರು ವೈರ್ ಇರುವ ಕೇಬಲ್ ತನ್ನಿ. ಬಳಸುವಾಗ ಸುರುಳಿ ಪೂರ್ತಿ ಬಿಚ್ಚಿ. ಎಲೆಕ್ಟ್ರಿಷಿಯನ್ ಹತ್ತಿರ ಗೋಡೆ ಸಾಕೆಟ್‌ನ ಅರ್ಥ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಪ್ಲೈ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಮೋಟಾರಿನ ಇನ್ಸುಲೇಶನ್ ಕೂಡ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ನೋಡಲಿ, ಹಳೇ ಮೆಷಿನ್ ಅಲ್ವಾ.

ಹೊಸ_ಬಡಗಿ:
ಹೊಸ ಕೇಬಲ್ ಬಂತು, ಆರ್‌ಸಿಸಿಬಿ ಹಾಕಿಸಿದೆ. ಅರ್ಥ್ ಸರಿ ಇದೆ, ಇನ್ಸುಲೇಶನ್ ಚೆನ್ನಾಗಿದೆ ಅಂದರು. ಜುಮ್ ಅನ್ನೋದು ಪೂರ್ತಿ ಹೋಯಿತು, ಬ್ಲೇಡ್ ಚಕ್ ಅಂತ ವೇಗ ಹಿಡಿಯುತ್ತೆ. ಆದರೆ ಅಪರೂಪಕ್ಕೊಮ್ಮೆ ಸ್ವಿಚ್ ಒತ್ತಿದ ಕ್ಷಣವೇ ಎಂಸಿಬಿ ಬೀಳುತ್ತೆ.

ಗರಗಸದ_ಹಲ್ಲು:
ಅದು 'ಬಿ' ಅನ್ನೋ ಅಕ್ಷರದ ಕಾಟ. ಬಿ ಎಂಸಿಬಿ ಮೂರರಿಂದ ಐದು ಪಟ್ಟಿಗೇ ತಕ್ಷಣ ಬೀಳುತ್ತೆ, ಬಿ16 ಅಂದರೆ 48ರಿಂದ 80 ಆಂಪಿಯರ್ ಒಳಗೆ. ನಿಮ್ಮ ಸ್ಟಾರ್ಟಿಂಗ್ ಕರೆಂಟ್ ಸರಿಯಾಗಿ ಅಲ್ಲೇ ಇದೆ. ಸಿ16 ತಕ್ಷಣ ಬೀಳೋದು ಐದರಿಂದ ಹತ್ತು ಪಟ್ಟಿನ ಒಳಗೆ. ಆಂಪಿಯರ್ ಅದೇ 16, ಹಾಗಾಗಿ ವೈರಿಗೆ ರಕ್ಷಣೆ ಕಡಿಮೆ ಆಗಲ್ಲ. ಆದರೆ ಸಾಕೆಟ್‌ವರೆಗಿನ ವೈರಿಂಗ್ ಇದಕ್ಕೆ ತಕ್ಕಂತೆ ಇದೆಯಾ ಅಂತ ಎಲೆಕ್ಟ್ರಿಷಿಯನ್ ಅಳೆದು ನೋಡಿದ ಮೇಲೇ ಬದಲಿಸಲಿ.

ಒಂದು ಕೇಳಬೇಕಿತ್ತು. ಗರಗಸದ ಸ್ವಿಚ್ ಯಾವ ತರದ್ದು? ಕರೆಂಟ್ ಹೋಗಿ ಬಂದರೆ ತಾನಾಗೇ ಶುರು ಆಗುತ್ತಾ?

ಹೊಸ_ಬಡಗಿ:
ಮಾಮೂಲಿ ಮೇಲೆ-ಕೆಳಗೆ ಸ್ವಿಚ್. ಹೌದು, ತಾನಾಗೇ ತಿರುಗುತ್ತೆ.

ಗರಗಸದ_ಹಲ್ಲು:
ಹಾಗಾದರೆ ಅದನ್ನು ತೆಗೆಸಿ, ನೋ-ವೋಲ್ಟ್ ಸ್ವಿಚ್ ಹಾಕಿಸಿ. ಹಸಿರು ಬಟನ್, ಮೇಲೆ ದೊಡ್ಡ ಕೆಂಪು ಸ್ಟಾಪ್ ಇರುತ್ತಲ್ಲ, ಅದು. ಕರೆಂಟ್ ಹೋದಾಗ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತೆ, ಮತ್ತೆ ನೀವೇ ಹಸಿರು ಒತ್ತುವವರೆಗೂ ಮೋಟಾರು ಏಳಲ್ಲ. 2 ಎಚ್‌ಪಿ ಮೋಟಾರಿಗೆ ಆಗುವಂಥದ್ದೇ ಇರಲಿ. ಅಲ್ಲಿಯವರೆಗೆ ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ. ಬ್ಲೇಡ್ ಹತ್ತಿರ ಕೈ ಹಾಕುವ ಮುಂಚೆ ಪ್ಲಗ್ ಕೂಡ ಕೀಳಿ.